ಒಳ್ಳೆಯ ಏರಿಯಾ ಎಂದರೆ ಯಾರಿಲ್ಲದ ಏರಿಯಾ?

ಕಳೆದ ವರ್ಷ ಒಂದು ವಿಚಾರಸಂಕಿರಣಕ್ಕೆಂದು ಜಪಾನಿನ ಒಸಾಕಾ ನಗರಕ್ಕೆ ಹೊರಟಾಗ ನನ್ನ ಫೋನಿಗೆ ಒಂದು ಪಟ್ಟಿ ಬಂತು. ಕಳಿಸಿದವರು ನನ್ನ ಗೆಳತಿಯ ಅಣ್ಣ. ಆರು ವರ್ಷದಿಂದ ಅಲ್ಲೇ ಕೆಲಸದಲ್ಲಿರುವವರು. ಪಟ್ಟಿ ಅಚ್ಚುಕಟ್ಟಾಗಿತ್ತು. ಉಳಿಯಲು ಉಮೆದಾ, ಇಲ್ಲದಿದ್ದರೆ ಹೊನ್ಮಾಚಿ, ಬಜೆಟ್ ಕಮ್ಮಿಯಿದ್ದರೆ ನಾಂಬಾ. ತಿನ್ನಲು ನಾಲ್ಕು ಇಂಡಿಯನ್ ಹೋಟೆಲು, ಅವುಗಳಲ್ಲಿ ಎರಡರ ಪಕ್ಕ ‘ಪ್ಯೂರ್ ವೆಜ್’ ಎಂಬ ಹಸಿರು ಗುರುತು. ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು: ನಿಶಿನಾರಿ ಕಡೆ ರೂಮ್ ಮಾಡಬೇಡ.

ಅಷ್ಟರಲ್ಲಿ ನಾನು ನಿಶಿನಾರಿಯಲ್ಲೇ ರೂಮ್ ಮಾಡಿಯಾಗಿತ್ತು. ಹನ್ನೊಂದು ರಾತ್ರಿ, ರಾತ್ರಿಗೆ 2,300 ಯೆನ್. ನನ್ನ ಫೆಲೋಶಿಪ್ ದುಡ್ಡಿಗೆ ಹೊಂದುವ ದರ ಅದೊಂದೇ. ಫೋನ್ ಮಾಡಿ, ‘ಯಾಕಣ್ಣ ಅಲ್ಲಿ ಬೇಡ?’ ಎಂದೆ.

‘ಅಲ್ಲಿ ಜನ ಸರಿಯಿಲ್ಲಮ್ಮ. ಕುಡುಕರು, ಕೂಲಿಯವರು, ರಸ್ತೇಲಿ ಮಲಗೋರು. ನಮ್ಮಂಥೋರು ಇರೋ ಜಾಗ ಅಲ್ಲ ಅದು.’

ಅವರ ಕಾಳಜಿ ನಿಜವಾದದ್ದೇ. ಬಂದಿಳಿದ ದಿನ ಸ್ಟೇಷನ್ನಿಗೆ ಬಂದು ಸಿಮ್ ಕೊಡಿಸಿದವರೂ ಅವರೇ. ಆದರೆ ಆ ‘ನಮ್ಮಂಥೋರು’ ಎಂಬ ಮಾತು ಹನ್ನೊಂದು ದಿನವೂ ನನ್ನ ಜೊತೆಗಿತ್ತು. ಅದೇ ಮಾತನ್ನು ನಾನು ಬೆಂಗಳೂರಿನಲ್ಲಿ ಬಾಗಿಲ ಈಚೆ ನಿಂತು ಕೇಳಿಸಿಕೊಂಡಿದ್ದೆ. ಪಿಎಚ್.ಡಿ.ಗೆ ಸೇರಿದ ವರ್ಷ ಬಾಡಿಗೆ ಮನೆ ಹುಡುಕುವಾಗ ಓನರ್ ಆಂಟಿಯೊಬ್ಬರು ಮನೆಯನ್ನೆಲ್ಲ ತೋರಿಸಿ, ನಲ್ಲಿ ತಿರುಗಿಸಿ ನೀರು ತೋರಿಸಿ, ಕೊನೆಗೆ ಕೇಳಿದ್ದರು: ‘ನೀವು ಯಾವ ಜನ? ನಾನ್‌ವೆಜ್ ಮಾಡ್ತೀರಾ?’ ನಾನು ‘ಮಾಡ್ತೀವಿ ಆಂಟಿ’ ಎಂದೆ. ‘ತಪ್ಪು ತಿಳ್ಕೋಬೇಡಮ್ಮ, ಕೆಳಗಡೆ ನಮ್ಮ ದೇವರಮನೆ ಇದೆ. ನಮ್ಮಂಥೋರಿಗೇ ಕೊಡೋದು ಅಂತ ಯಜಮಾನರು ಹೇಳಿದಾರೆ.’ ನಾನು ತಪ್ಪು ತಿಳಿದುಕೊಳ್ಳಲಿಲ್ಲ. ಸರಿಯಾಗಿಯೇ ತಿಳಿದುಕೊಂಡೆ.

ಪ್ರವಾಸಕ್ಕೆ ಹೋಗುವವರು ಕೇಳುವ ‘ಎಲ್ಲಿ ಉಳಿಯೋದು, ಎಲ್ಲಿ ತಿನ್ನೋದು’ ಎಂಬ ಪ್ರಶ್ನೆ ಬರೀ ರುಚಿಯದ್ದು, ಅನುಕೂಲದ್ದು ಎಂದು ನಾವು ನಂಬಿದ್ದೇವೆ. ನನಗೆ ಆ ನಂಬಿಕೆ ಇಲ್ಲ. ಯಾರ ಪಕ್ಕದಲ್ಲಿ ಮಲಗಬೇಕು, ಯಾರ ಕೈಯ ಊಟ ಉಣ್ಣಬೇಕು ಎಂದು ತೀರ್ಮಾನಿಸುವ ನಮ್ಮ ಹಳೆಯ ಪ್ರಶ್ನೆಯೇ ಪಾಸ್‌ಪೋರ್ಟ್ ಮಾಡಿಸಿಕೊಂಡು ವಿಮಾನ ಹತ್ತುತ್ತದೆ. ಸಿದ್ಧಲಿಂಗಯ್ಯನವರ ಆತ್ಮಕಥನದ ಹೆಸರು ‘ಊರುಕೇರಿ’. ಆ ಎರಡು ಪದಗಳ ನಡುವಿನ ಗೆರೆಯನ್ನು ನಾವು ಒಸಾಕಾಕ್ಕೂ ಕೊಂಡೊಯ್ಯುತ್ತೇವೆ. ದುರಂತವೆಂದರೆ, ಅಲ್ಲಿ ಅದಕ್ಕೆ ಸರಿಹೊಂದುವ ಗೆರೆಯೊಂದು ಮೊದಲೇ ಎಳೆದಿರುತ್ತದೆ.

ಜಪಾನಿನ ಆಧುನಿಕ ಕಾದಂಬರಿಯ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ಶಿಮಜಾಕಿ ತೋಸೊನ್ 1906ರಲ್ಲಿ ಪ್ರಕಟಿಸಿದ ‘ಹಕಾಯ್’ ಶುರುವಾಗುವುದೇ ಬಾಡಿಗೆ ರೂಮಿನ ವಿಷಯದಿಂದ. ಶಾಲಾ ಮೇಷ್ಟ್ರು ಉಶಿಮತ್ಸು ತಾನಿದ್ದ ವಸತಿಗೃಹವನ್ನು ಬಿಟ್ಟು ಒಂದು ಬೌದ್ಧ ದೇವಾಲಯದಲ್ಲಿ ಕೋಣೆ ಹುಡುಕುತ್ತಾನೆ. ಕಾರಣ, ಆ ವಸತಿಗೃಹದಲ್ಲಿದ್ದ ಶ್ರೀಮಂತನೊಬ್ಬ ಹುಟ್ಟಿನಿಂದ ‘ಎತಾ’ ಎಂದು ಗೊತ್ತಾಗಿ, ಉಳಿದವರು ಗಲಾಟೆ ಮಾಡಿ ಅವನನ್ನು ಹೊರಹಾಕಿಸಿದ್ದಾರೆ. ಉಶಿಮತ್ಸುವೂ ಅದೇ ಸಮುದಾಯದವನು, ಅಪ್ಪನ ಮಾತಿನಂತೆ ಹುಟ್ಟನ್ನು ಮುಚ್ಚಿಟ್ಟವನು. ಚರ್ಮ ಹದಮಾಡುವುದು, ಸತ್ತ ದನ ಸಾಗಿಸುವುದು ಇಂಥ ಕೆಲಸಗಳ ಕಾರಣಕ್ಕೆ ಹೊರಗಿಡಲಾಗಿದ್ದ ಈ ಜನರಿಗೆ 1871ರಲ್ಲಿ ಸರ್ಕಾರದ ಆಜ್ಞೆಯೊಂದು ಕಾಗದದ ಮೇಲೆ ಸಮಾನತೆ ಕೊಟ್ಟಿತ್ತು. ಮೂವತ್ತೈದು ವರ್ಷದ ನಂತರದ ಕಾದಂಬರಿಯಲ್ಲೂ ರೂಮ್ ಮಾತ್ರ ಸಿಗುತ್ತಿಲ್ಲ. ಬೆಂಗಳೂರಿನಲ್ಲಿ ಈ ಕಾದಂಬರಿಯ ಮೊದಲ ಪುಟಗಳನ್ನು ಇಂಗ್ಲಿಷಿನಲ್ಲಿ ಓದುವಾಗ ನನಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

ಇನ್ನು ಒಸಾಕಾಕ್ಕೇ ಬರೋಣ. ನಾನು ಉಳಿದದ್ದು ಶಿನ್-ಇಮಾಮಿಯಾ ಸ್ಟೇಷನ್ನಿನ ದಕ್ಷಿಣಕ್ಕೆ, ಕಾಮಾಗಾಸಾಕಿ ಎಂದು ಜನ ಕರೆಯುವ ಜಾಗದಲ್ಲಿ. ಇದು ದಿನಗೂಲಿಗಳ ಕೇರಿ. ಬುರಾಕು ಸಮುದಾಯದ ವಸತಿಗೂ ಇದಕ್ಕೂ ವ್ಯತ್ಯಾಸವಿದೆ, ಎರಡನ್ನೂ ಒಂದು ಮಾಡಬಾರದು. ಇಲ್ಲಿಗೆ ದೇಶದ ಮೂಲೆಮೂಲೆಯಿಂದ ಕೆಲಸ ಹುಡುಕಿ ಗಂಡಸರು ಬಂದರು. ಅವರು ಮಲಗುವ ಅಗ್ಗದ ಲಾಡ್ಜುಗಳಿಗೆ ‘ದೋಯಾ’ ಎಂದು ಹೆಸರು. ಜಪಾನಿಯಲ್ಲಿ ತಂಗುದಾಣಕ್ಕೆ ‘ಯಾದೋ’ ಎನ್ನುತ್ತಾರೆ. ಅದನ್ನು ತಿರುವುಮುರುವು ಮಾಡಿದರೆ ‘ದೋಯಾ’. ಇದನ್ನು ಮನೆ ಅನ್ನಲಿಕ್ಕಾಗುತ್ತದೆಯೇ ಎಂದು ಕೂಲಿಗಳೇ ಪದವನ್ನು ಮಗುಚಿ ಹಾಕಿದ ಹಾಗಿದೆ. ನನ್ನ ರೂಮೂ ಹಿಂದೆ ದೋಯಾ ಆಗಿದ್ದದ್ದೇ. ಮೂರು ಚಾಪೆಯಷ್ಟು ಜಾಗ, ಅಂದರೆ ಸುಮಾರು ಐದು ಚದರ ಮೀಟರ್. ಹಾಸಿಗೆ ಬಿಡಿಸಿದರೆ ಸೂಟ್‌ಕೇಸ್ ತೆರೆಯಲು ಜಾಗವಿಲ್ಲ. ಸ್ನಾನದ ಮನೆ ಎಲ್ಲರಿಗೂ ಒಂದೇ.

1961ರ ಆಗಸ್ಟಿನಲ್ಲಿ ಇಲ್ಲಿ ವಯಸ್ಸಾದ ಕೂಲಿಯೊಬ್ಬನಿಗೆ ಟ್ಯಾಕ್ಸಿ ಡಿಕ್ಕಿ ಹೊಡೆಯಿತು. ಪೊಲೀಸರು ಅವನನ್ನು ರಸ್ತೆಯಲ್ಲೇ ಬಿಟ್ಟರೆಂದು ಕೂಲಿಗಳು ಸಿಟ್ಟಿಗೆದ್ದರು, ಗಲಭೆ ಹಲವು ದಿನ ನಡೆಯಿತು. 1966ರಲ್ಲಿ ಅಧಿಕಾರಿಗಳು ಈ ಜಾಗಕ್ಕೆ ‘ಐರಿನ್’ ಎಂದು ಹೊಸ ಹೆಸರಿಟ್ಟರು. ನೆರೆಯವರನ್ನು ಪ್ರೀತಿಸು ಎಂಬ ಅರ್ಥದ ಹೆಸರು. ಕೂಲಿಗಳು ಮಾತ್ರ ಹಳೆಯ ಹೆಸರನ್ನೇ ಇಟ್ಟುಕೊಂಡರು. 1970ರಲ್ಲಿ ಒಸಾಕಾದಲ್ಲಿ ಜಾಗತಿಕ ಎಕ್ಸ್‌ಪೋ ನಡೆಯಿತಲ್ಲ, ಅದರ ಕಟ್ಟಡ, ರಸ್ತೆಗಳ ಕೆಲಸಕ್ಕೆ ಇಲ್ಲಿಂದ ಲಾರಿ, ವ್ಯಾನುಗಳಲ್ಲಿ ಜನ ಹೋದರು. ಅದೇ ವರ್ಷ ಇಲ್ಲಿ ಕೂಲಿ ಹಂಚುವ ಬೃಹತ್ ಕೇಂದ್ರವೊಂದು ತೆರೆಯಿತು. ಬೆಳಗಿನ ಜಾವ ಐದಕ್ಕೆ ಅದರ ಶಟರ್ ಎತ್ತುವುದನ್ನು ಕಾಯುತ್ತ ಸಾಲು ನಿಲ್ಲುತ್ತಿದ್ದರಂತೆ. ಭೂಕಂಪ ತಾಳುವ ಶಕ್ತಿ ಇಲ್ಲವೆಂದು 2019ರಲ್ಲಿ ಆ ಕಟ್ಟಡ ಮುಚ್ಚಿತು. ಅದರ ಸುತ್ತ ಮಲಗಿದ್ದವರನ್ನು ಎಬ್ಬಿಸುವ ವಿಷಯ ಕೋರ್ಟಿಗೂ ಹೋಯಿತು. 2022ರಲ್ಲಿ ರೈಲು ಹಳಿಯ ಆಚೆ ಬದಿಗೆ, ಹುಲ್ಲುಹಾಸಿನ ಅಂಗಳವಿರುವ ದೊಡ್ಡ ಹೋಟೆಲೊಂದು ಬಾಗಿಲು ತೆರೆಯಿತು.

ಒಸಾಕಾವನ್ನು ಕಟ್ಟಿದವರು ಮಲಗಿದ ಜಾಗಕ್ಕೆ ‘ಜನ ಸರಿಯಿಲ್ಲ’ ಎಂದು ನಾವು ಗುರುತು ಹಾಕುತ್ತೇವೆ. ನಾನು ಕಂಡ ಜನ ಯಾರು? ಬಹುತೇಕರು ಎಪ್ಪತ್ತರ ಆಚೀಚಿನ ಮುದುಕರು. ಕೂಲಿ ನಿಂತ ಮೇಲೆ ಸರ್ಕಾರದ ಸಹಾಯಧನದಲ್ಲಿ ದಿನ ದೂಡುವವರು. ಸೈಕಲ್ಲಿನ ಬುಟ್ಟಿಯಲ್ಲಿ ಖಾಲಿ ಕ್ಯಾನು ತುಂಬಿಕೊಂಡು ಹೋಗುವವರು. ಬೆಳಿಗ್ಗೆಯೇ ಕುಡಿದು ಗೋಡೆಗೊರಗಿ ಕೂತವರೂ ಇದ್ದರು, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ಮಳೆಯಲ್ಲಿ ದಾರಿ ತಪ್ಪಿ ನಿಂತಿದ್ದಾಗ ಅಂಥವರೊಬ್ಬರು ತಮ್ಮ ಪ್ಲಾಸ್ಟಿಕ್ ಕೊಡೆಯನ್ನು ನನ್ನ ಕೈಗಿಟ್ಟು, ಒಂದು ಮಾತೂ ಆಡದೆ ಹೊರಟುಹೋದರು. ಇದರಿಂದ ಅವರೆಲ್ಲ ದೇವರಂಥವರು ಎಂದು ನಾನು ವಾದಿಸುತ್ತಿಲ್ಲ. ಒಂದು ಕೊಡೆಯಿಂದ ಒಂದು ಕೇರಿಯ ನಡತೆಯನ್ನು ಅಳೆಯಲಾಗದು. ಹಾಗೆಯೇ ಒಬ್ಬ ಕುಡುಕನಿಂದಲೂ ಅಳೆಯಲಾಗದು ಅಷ್ಟೇ.

ಈಗ ಪಟ್ಟಿಯ ವಿಷಯ. ಒಳ್ಳೆಯ ಜಾಗ, ಕೆಟ್ಟ ಜಾಗ ಎಂಬ ಪಟ್ಟಿ ಜಪಾನಿನಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಚರಿತ್ರೆಯಿದೆ. 1975ರಲ್ಲಿ ಒಂದು ಗುಟ್ಟಿನ ಪುಸ್ತಕ ಬೆಳಕಿಗೆ ಬಂತು. ದೇಶದ ಬುರಾಕು ವಸತಿಗಳ ಹೆಸರು, ವಿಳಾಸಗಳನ್ನು ಒಟ್ಟುಹಾಕಿ ಮಾಡಿದ ಪಟ್ಟಿ ಅದು. ಕಂಪನಿಗಳು ದುಡ್ಡು ಕೊಟ್ಟು ಕೊಂಡಿದ್ದವು. ಕೆಲಸಕ್ಕೆ ಅರ್ಜಿ ಹಾಕಿದವನ ಊರು ಈ ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಕು, ಜಾತಿ ಕೇಳುವ ಅಗತ್ಯವೇ ಇಲ್ಲ. ಮದುವೆ ಸಂಬಂಧ ನೋಡುವ ಮುಂಚೆ ಪತ್ತೇದಾರರನ್ನು ಬಿಟ್ಟು ವಿಳಾಸ ಹುಡುಕಿಸುವ ಪದ್ಧತಿಯೂ ಇತ್ತು. ಇಂಥ ವಿಚಾರಣೆಗೆ ಕಡಿವಾಣ ಹಾಕಲು ಒಸಾಕಾ ಪ್ರಾಂತ್ಯವೇ 1985ರಲ್ಲಿ ಒಂದು ಶಾಸನ ಮಾಡಬೇಕಾಯಿತು. ಪ್ರವಾಸದ ಪಟ್ಟಿಗೂ ಆ ಪಟ್ಟಿಗೂ ಉದ್ದೇಶದಲ್ಲಿ ಭೂಮಿ ಆಕಾಶದ ಅಂತರವಿದೆ, ಒಪ್ಪುತ್ತೇನೆ. ಆದರೆ ಎರಡೂ ನಮ್ಮಿಂದ ಬಯಸುವುದು ಒಂದೇ ಅಭ್ಯಾಸ: ಜಾಗದ ಹೆಸರು ಕೇಳಿದ ಕೂಡಲೇ ಅಲ್ಲಿಯ ಮನುಷ್ಯರ ಬಗ್ಗೆ ತೀರ್ಪು ಕೊಟ್ಟುಬಿಡುವುದು. ಅದಕ್ಕೇ ಈ ಬರಹದಲ್ಲಿ ನಾನು ಅಲ್ಲಿನವರೇ ಎದೆಯೆತ್ತಿ ಹೇಳಿಕೊಂಡ ಹೆಸರುಗಳನ್ನು ಬಿಟ್ಟು ಬೇರೆ ಯಾವ ಬುರಾಕು ವಸತಿಯನ್ನೂ ಹೆಸರಿಸುವುದಿಲ್ಲ.

ತಮಾಷೆಯೆಂದರೆ ನಮ್ಮ ಅಣ್ಣನೂ ಇಂಥ ಪಟ್ಟಿಯ ಪೆಟ್ಟು ತಿಂದವರೇ. ಒಸಾಕಾದಲ್ಲಿ ಮೊದಲ ಮನೆ ಹುಡುಕುವಾಗ ಮೂರು ಕಡೆ ‘ವಿದೇಶಿಯರಿಗೆ ಕೊಡುವುದಿಲ್ಲ’ ಎಂದಿದ್ದರಂತೆ. ಇದು ಅವರೊಬ್ಬರ ಕತೆಯಲ್ಲ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರಲ್ಲಿ ಶೇಕಡಾ 40ರಷ್ಟು ಮಂದಿ ವಿದೇಶಿ ಎಂಬ ಕಾರಣಕ್ಕೇ ಮನೆ ನಿರಾಕರಿಸಲಾಯಿತು ಎಂದು ಹೇಳಿದ್ದರು. ಅದನ್ನು ಹೇಳುವಾಗ ಅಣ್ಣನ ದನಿಯಲ್ಲಿ ಇನ್ನೂ ನೋವಿತ್ತು. ‘ನೋಡು, ನಾವು ಎಷ್ಟು ಡೀಸೆಂಟ್ ಜನ ಅಂತ ವಿಚಾರಿಸಲೂ ಇಲ್ಲ.’ ನನಗೆ ಕೇಳಬೇಕೆನಿಸಿತು: ಅಣ್ಣ, ಬೆಂಗಳೂರಿನಲ್ಲಿ ನಿಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ಯಾರನ್ನು ಇಟ್ಟಿದ್ದೀರಿ? ಕೇಳಲಿಲ್ಲ. ಸಿಮ್ ಕೊಡಿಸಿದ್ದರು. ಇಲ್ಲಿ ಬರೆದು ಕೇಳುತ್ತಿದ್ದೇನೆ.

ಊಟಕ್ಕೆ ಬರೋಣ. ‘ಜಪಾನಿನಲ್ಲಿ ವೆಜ್ ಸಿಗೋದೇ ಇಲ್ಲ’ ಎಂಬುದು ನಮ್ಮವರ ಪ್ರವಾಸಕಥನಗಳ ಸ್ಥಾಯಿ ಗೋಳು. ಮಾಂಸ ತಿನ್ನದವರ ಕಷ್ಟ ನಿಜ. ಅಲ್ಲಿಯ ಬಹುಪಾಲು ಸಾರುಗಳ ತಳದಲ್ಲಿ ‘ದಾಶಿ’ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಒಣಮೀನಿನ ಚಕ್ಕೆ ಇರುತ್ತದೆ. ಕರಿದ ತೋಫು ಹಾಕಿದ ಕಿತ್ಸುನೆ ಉದೋನ್ ಒಸಾಕಾದ ಹೆಮ್ಮೆ. ನೋಡಲು ಪೂರಾ ಸಸ್ಯಾಹಾರ, ಸಾರಿನಲ್ಲಿ ಮೀನು. ಆದರೆ ಇದೇ ಒಸಾಕಾ ನೂರಾರು ವರ್ಷ ಕೊಂಬು ಎಂಬ ಕಡಲಪಾಚಿಯ ವ್ಯಾಪಾರದ ಕೇಂದ್ರವಾಗಿತ್ತು. ಉತ್ತರದ ಹೊಕ್ಕೈದೊದಿಂದ ಹಡಗುಗಳಲ್ಲಿ ಕೊಂಬು ಇಲ್ಲಿಗೆ ಬಂದಿಳಿಯುತ್ತಿತ್ತು. ಬರೀ ಕೊಂಬುವಿನಿಂದಲೂ ದಾಶಿ ತೆಗೆಯುತ್ತಾರೆ. ಬೌದ್ಧ ಮಠಗಳ ಶೋಜಿನ್ ಅಡುಗೆ ನಿಂತಿರುವುದು ಇಂಥದ್ದರ ಮೇಲೆಯೇ. ಅಂದರೆ ಸಸ್ಯಾಹಾರಿಗೆ ಅಲ್ಲಿ ಬೇಕಾದದ್ದು ಒಂದು ಪ್ರಶ್ನೆ: ಈ ಸಾರಿಗೆ ಏನು ಹಾಕಿದ್ದೀರಿ? ‘ಪ್ಯೂರ್’ ಎಂಬ ಹಸಿರು ಗುರುತು ಉತ್ತರಿಸುವುದು ಬೇರೆ ಪ್ರಶ್ನೆಗೆ. ಈ ಪಾತ್ರೆಯಲ್ಲಿ ಮೊದಲು ಏನು ಬೆಂದಿತ್ತು, ಪಕ್ಕದ ಮೇಜಿನವರು ಏನು ತಿನ್ನುತ್ತಿದ್ದಾರೆ, ಅಡುಗೆ ಮಾಡಿದವರು ಯಾರು ಎಂಬ ಪ್ರಶ್ನೆಗೆ. ಮೊದಲನೆಯದು ಆಹಾರದ ಆಯ್ಕೆ. ಎರಡನೆಯದು ಮಡಿ. ಮಡಿಗೆ ಆರೋಗ್ಯದ, ಅಹಿಂಸೆಯ ಅಂಗಿ ತೊಡಿಸುವುದನ್ನು ನಾವು ಯಾವಾಗ ಬಿಡುತ್ತೇವೆ?

ರೈಲು ಹಳಿಯ ಉತ್ತರಕ್ಕೆ ಶಿನ್ಸೆಕಾಯ್ ಎಂಬ ಪೇಟೆಯಿದೆ. ಅಲ್ಲಿನ ಕುಶಿಕಾತ್ಸು, ಅಂದರೆ ಕಡ್ಡಿಗೆ ಚುಚ್ಚಿ ಕರಿದ ಮಾಂಸ, ತರಕಾರಿ, ಕೂಲಿಗಳ ಹೊಟ್ಟೆಗೆಂದೇ ಬೆಳೆದ ತಿಂಡಿ. ಹಳೆಯ ಪದ್ಧತಿಯಲ್ಲಿ ಎಲ್ಲರಿಗೂ ಒಂದೇ ಸಾಸಿನ ಡಬ್ಬಿ. ಕಚ್ಚಿದ ಕಡ್ಡಿಯನ್ನು ಮತ್ತೆ ಅದ್ದಬಾರದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಇನ್ನಷ್ಟು ಸಾಸು ಬೇಕೆಂದರೆ ಎಲೆಕೋಸಿನ ತುಂಡಿನಿಂದ ಮೊಗೆದುಕೊಳ್ಳಬೇಕು. ನೋಡಿ ನಗು ಬಂತು. ಎಂಜಲು! ನಮ್ಮಜ್ಜಿಗೆ ಈ ನಿಯಮ ಒಂದೇ ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಆದರೆ ಇಲ್ಲಿ ಎಂಜಲು ಬಾಯಿಗೆ ಸಂಬಂಧಿಸಿದ್ದು. ಕಚ್ಚಿದವನು ಸೂಟು ಹಾಕಿದ್ದರೂ ಎಂಜಲು ಎಂಜಲೇ. ಕಚ್ಚದಿದ್ದವನು ಕೂಲಿಯಾದರೂ ಅದೇ ಡಬ್ಬಿಗೆ ಅದ್ದಬಹುದು. ಹುಟ್ಟನ್ನೇ ಎಂಜಲು ಮಾಡಿದ ನಾಡಿನಿಂದ ಹೋದವಳಿಗೆ ಅದೊಂದು ಪಾಠವಾಗಿತ್ತು.

ಹಾಗೆಂದು ಜಪಾನನ್ನು ಸ್ವರ್ಗ ಮಾಡಲಾರೆ. ಏಳನೆಯ ದಿನ ‘ಕಾಸು ಉದೋನ್’ ತಿಂದೆ. ದನದ ಕರುಳನ್ನು ಅದರದೇ ಕೊಬ್ಬಿನಲ್ಲಿ ಗರಿಗರಿಯಾಗಿ ಕರಿದು ಉಳಿಸಿಕೊಳ್ಳುವ ‘ಆಬುರಾಕಾಸು’ ಹಾಕಿದ ನೂಡಲ್ ಸಾರು. ಕಾಸು ಎಂದರೆ ಹಿಂಡಿದ ಮೇಲೆ ಉಳಿದದ್ದು. ಅರ್ಥದಲ್ಲೂ ಉಚ್ಚಾರದಲ್ಲೂ ನಮ್ಮ ಗಸಿಯ ನೆನಪಾಗುತ್ತದೆ. ಇದು ಒಸಾಕಾದ ಬುರಾಕು ಮನೆಗಳ ಅಡುಗೆ, ಊರಿನವರು ಬೇಡವೆಂದದ್ದನ್ನು ರುಚಿ ಮಾಡಿಕೊಂಡವರ ಅಡುಗೆ. ಅದೇ ಸಮುದಾಯದಿಂದ ಬಂದ ಲೇಖಕ ಉಯೆಹರಾ ಯೋಶಿಹಿರೊ 2005ರಲ್ಲಿ ಜಗತ್ತಿನ ಹೊರಗಿಟ್ಟವರ ಊಟಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಮೊದಲ ತುತ್ತಿಗೆ ನನಗೆ ನಮ್ಮಜ್ಜಿ ಹಿತ್ತಲಲ್ಲಿ ಸುಣ್ಣ, ಬಿಸಿನೀರು ಹಾಕಿ ಬೋಟಿ ತೊಳೆಯುತ್ತಿದ್ದದ್ದು ನೆನಪಾಯಿತು. ವಾಸನೆ ಆಚೆ ಹೋಗದಿರಲಿ ಎಂದು ಅವಳು ಬಾಗಿಲು ಹಾಕಿಕೊಂಡು ಬೇಯಿಸುತ್ತಿದ್ದಳು. ಈಗ ಕಾಸು ಉದೋನ್ ಚೈನ್ ಅಂಗಡಿಗಳಲ್ಲಿ ಸಿಗುತ್ತದೆ, ‘ಒಸಾಕಾದಲ್ಲಿ ತಿನ್ನಲೇಬೇಕಾದದ್ದು’ ಎಂಬ ಪಟ್ಟಿಗಳಲ್ಲೂ ಬರುತ್ತದೆ. ಅದನ್ನು ಕಂಡುಹಿಡಿದವರು ಯಾರು ಎಂಬುದು ಮಾತ್ರ ಪಟ್ಟಿಯಲ್ಲಿರುವುದಿಲ್ಲ. ಬಟ್ಟಲು ಊರೊಳಗೆ ಬಂತು, ಬಡಿಸಿದವರು ಹೊರಗೇ ಉಳಿದರು.

ಅವರ ಕತೆ ಹೇಳುತ್ತಿದ್ದ ಜಾಗವೂ ಈಗಿಲ್ಲ. ನಾನಿವಾ ವಾರ್ಡಿನಲ್ಲಿ 1985ರಲ್ಲಿ ತೆರೆದ ಒಸಾಕಾ ಮಾನವ ಹಕ್ಕುಗಳ ಮ್ಯೂಸಿಯಂ, ‘ಲಿಬರ್ಟಿ ಒಸಾಕಾ’, 2020ರಲ್ಲಿ ಮುಚ್ಚಿತು. ಅದೇ ವಾರ್ಡಿನ ಚರ್ಮದ ಕೆಲಸದ ಮನೆಗಳಲ್ಲಿ ಜಪಾನಿನ ತಾಯ್ಕೊ ನಗಾರಿಗಳು ತಯಾರಾಗುತ್ತಿದ್ದವು. ನಗಾರಿ ಬಾರಿಸುವವನಿಗೆ ವೇದಿಕೆ, ಮಾಡುವವನಿಗೆ ಮೂಲೆ ಎಂಬ ಅನ್ಯಾಯಕ್ಕೆ ಉತ್ತರವಾಗಿ 1987ರಲ್ಲಿ ಅಲ್ಲಿನ ಯುವಕರು ತಮ್ಮದೇ ತಂಡ ಕಟ್ಟಿದರು. ಹೆಸರು ‘ಇಕಾರಿ’, ಅಂದರೆ ಸಿಟ್ಟು. ನಮ್ಮ ತಮಟೆಯ ಕತೆ ಗೊತ್ತಿರುವ ಯಾರಿಗೂ ಆ ಹೆಸರನ್ನು ವಿವರಿಸಬೇಕಿಲ್ಲ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಒಬ್ಬಳೇ ಹೋಗುವ ಹೆಣ್ಣುಮಗಳಿಗೆ ಸುರಕ್ಷತೆ ಬೇಡವೇ? ಬೇಕು. ನಾನು ಬುಕ್ ಮಾಡುವ ಮುಂಚೆ ನೋಡಿದ್ದು ಸ್ಟೇಷನ್ನಿನಿಂದ ಎಷ್ಟು ದೂರ, ದಾರಿಯಲ್ಲಿ ರಾತ್ರಿ ಬೆಳಕಿದೆಯೇ, ಬಾಗಿಲಿಗೆ ಸರಿಯಾದ ಬೀಗವಿದೆಯೇ, ಹೆಂಗಸರಿಗೆ ಬೇರೆ ಅಂತಸ್ತು ಇದೆಯೇ ಎಂದು. ಇವೆಲ್ಲ ಸುರಕ್ಷತೆಯ ಪ್ರಶ್ನೆಗಳು, ಪ್ರತಿಯೊಂದಕ್ಕೂ ಪರೀಕ್ಷಿಸಬಹುದಾದ ಉತ್ತರವಿದೆ. ‘ಜನ ಸರಿಯಿಲ್ಲ’ ಎಂಬುದಕ್ಕೆ ಪರೀಕ್ಷೆಯೇ ಇಲ್ಲ. ಉತ್ತರಗಳು ಸರಿಬರದಿದ್ದರೆ ನಾನೂ ಬೇರೆ ಕಡೆ ಹೋಗುತ್ತಿದ್ದೆ, ಯಾವ ಅಪರಾಧ ಭಾವವೂ ಇಲ್ಲದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ನನಗೆ ನಾನೇ ಹಾಕಿಕೊಂಡೆ. ಕೂಲಿಗಳ ಲಾಡ್ಜಿನಲ್ಲಿ ಅಗ್ಗಕ್ಕೆ ಮಲಗಿ ಬಂದು ಲೇಖನ ಬರೆಯುವವಳು ಮಹಾ ನ್ಯಾಯವಂತಳೇ? ಅಲ್ಲ. ನನ್ನಂಥ ಪ್ರವಾಸಿಗಳು ಬರುತ್ತಾರೆಂದೇ ದೋಯಾಗಳು ಒಂದೊಂದಾಗಿ ಗೋಡೆಗೆ ಬಣ್ಣ ಬಳಿದು ಹೋಟೆಲಾಗುತ್ತಿವೆ. ಹಾಗಾದಾಗ ಹಳೆಯ ಬಾಡಿಗೆದಾರ ಇನ್ನೊಂದು ಮೂರು ಚಾಪೆಯ ಕೋಣೆ ಹುಡುಕಬೇಕು. ಬಡತನವನ್ನು ‘ಅಸಲಿ ಒಸಾಕಾ’ ಎಂದು ಸವಿಯುವುದು ದೂರ ಇಡುವುದಕ್ಕಿಂತ ಉತ್ತಮವಾದ ಗುಣವೇನಲ್ಲ. ಇದಕ್ಕೆ ನನ್ನ ಬಳಿ ಚೊಕ್ಕ ಉತ್ತರವಿಲ್ಲ. ಸಣ್ಣ ನಿಯಮಗಳಿವೆ: ಬೀದಿಯಲ್ಲಿ ಮಲಗಿದವರ ಫೋಟೊ ತೆಗೆಯಲಿಲ್ಲ. ಐದು ಸ್ಟೂಲಿನ ಅಂಗಡಿಗಳಲ್ಲಿ ತಿಂದೆ, ದುಡ್ಡು ಆ ಕೇರಿಯಲ್ಲೇ ಖರ್ಚು ಮಾಡಿದೆ. ಮಲಗಿದ ಜಾಗದ ಚರಿತ್ರೆ ಓದಿದೆ. ಇಷ್ಟರಿಂದ ಋಣ ತೀರುವುದಿಲ್ಲ, ಋಣವಿದೆ ಎಂದು ಗೊತ್ತಿರುತ್ತದೆ.

ಹಾಗಾಗಿ ಒಸಾಕಾಕ್ಕೋ ಟೋಕಿಯೊಕ್ಕೋ ಹೊರಡುವ ಗೆಳೆಯರು ನನ್ನನ್ನು ಪಟ್ಟಿ ಕೇಳಿದರೆ ಕೊಡುವುದಿಲ್ಲ. ಮೂರು ಪ್ರಶ್ನೆ ಕೊಡುತ್ತೇನೆ. ‘ಒಳ್ಳೆಯ ಏರಿಯಾ’ ಎಂದವರನ್ನು ಕೇಳಿ: ಅಲ್ಲಿ ಯಾರಿಲ್ಲ? ‘ಪ್ಯೂರ್’ ಎಂದವರನ್ನು ಕೇಳಿ: ಯಾರಿಂದ ಪ್ಯೂರ್? ‘ನಮ್ಮಂಥೋರು’ ಎಂದವರನ್ನು ಕೇಳಿ: ನನ್ನ ಬಗ್ಗೆ ನಿಮಗೆ ಏನು ಗೊತ್ತು?

ವಾಪಸು ಬಂದ ಮೇಲೆ ಅಣ್ಣನಿಂದ ಮೆಸೇಜು ಬಂತು. ‘ಅಂತೂ ಸೇಫಾಗಿ ಬಂದ್ಯಲ್ಲ. ನಿಶಿನಾರೀಲಿ ಏನೂ ತೊಂದರೆ ಆಗ್ಲಿಲ್ವಾ?’ ಇಲ್ಲ ಎಂದು ಬರೆದೆ. ಅದು ನಿಜ. ಬೆಂಗಳೂರಿನಲ್ಲಿ ನಾನೀಗ ಇರುವ ಬೀದಿಯಲ್ಲಿ ಎರಡು ಮನೆ ಖಾಲಿ ಇವೆ. ಒಂದರ ಗೇಟಿಗೆ ತಗಡಿನ ಬೋರ್ಡು: ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ. ಒಸಾಕಾದಲ್ಲಿ ನನಗೆ ಓದಲು ಬಾರದ ಬೋರ್ಡುಗಳು ಬಹಳ ಇದ್ದವು. ಇದು ನನಗೆ ಓದಲು ಬರುತ್ತದೆ.